ಸತ್ತವಳ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿದಾಗ

ಗಂಡನ ಕೈಯಲ್ಲಿ ಸತ್ತ ಹೆಂಗಸಿನ ಕೇಸು ಮುಗಿದ ಮೇಲೆ ಆ ಫೈಲನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಅವನಿಗೆ ಶಿಕ್ಷೆಯಾಗಿರಲಿ, ಬಿಡುಗಡೆಯಾಗಿರಲಿ, ಕಟ್ಟು ರೆಕಾರ್ಡ್ ರೂಮಿಗೆ ಹೋಗುತ್ತದೆ. ಅವಳನ್ನು ಕೊಂದು ಅವನೂ ನೇಣು ಹಾಕಿಕೊಂಡಿದ್ದರಂತೂ ಇನ್ನೂ ಬೇಗ ಮುಗಿಯುತ್ತದೆ. ಆರೋಪಿ ಮೃತಪಟ್ಟಿದ್ದಾನೆ ಅಂತ ಬರೆದು ಮುಚ್ಚುತ್ತಾರೆ. ಕೋರ್ಟು ಕೇಳುವುದು ಕೊಂದವನು ಇವನೇನಾ ಅಂತ. ಸಾಯುವ ಮುಂಚೆ ಅವಳು ಯಾರ್ಯಾರ ಹತ್ತಿರ ಹೋಗಿದ್ದಳು, ಏನು ಹೇಳಿಕೊಂಡಳು, ಅವರೇನು ಮಾಡಿದರು ಅನ್ನೋದನ್ನು ಕೇಳುವ ಜಾಗವೇ ನಮ್ಮಲ್ಲಿಲ್ಲ. ಅದನ್ನು ಕೇಳೋಣ ಅಂತ ನಾವು ಕೆಲವರು ಕೂತೆವು.

ನಾನು ಒಂದು ತಾಲ್ಲೂಕಿನಲ್ಲಿ, ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ನನ್ನ ಜೊತೆ ಸೇರಿದವರು ಒಬ್ಬ ವಕೀಲೆ, ಒಬ್ಬ ನರ್ಸ್, ನಿವೃತ್ತ ಮಹಿಳಾ ಹೆಡ್ ಕಾನ್‌ಸ್ಟೇಬಲ್, ಒಬ್ಬ ಶಾಲಾ ಶಿಕ್ಷಕಿ ಮತ್ತು ಸ್ತ್ರೀಶಕ್ತಿ ಸಂಘ ನಡೆಸುವ ಒಬ್ಬ ಅಕ್ಕ. ಸರ್ಕಾರದ ಆದೇಶ ಏನೂ ಇರಲಿಲ್ಲ. ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ವಕೀಲೆಯ ಮನೆಯಲ್ಲಿ ಸೇರುತ್ತಿದ್ದೆವು.

ಈ ಕ್ರಮ ನಾವು ಕಂಡುಹಿಡಿದದ್ದಲ್ಲ. 1990ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಬ್ಬ ಹೆಂಗಸನ್ನು ಗಂಡ ಮಗುವಿನ ಶಾಲೆಯಲ್ಲೇ ಗುಂಡಿಟ್ಟು ಕೊಂದ. ಅವಳು ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಪೊಲೀಸರು, ಕೋರ್ಟು ಅಂತ ಅಲೆದಿದ್ದಳು. ಅಲ್ಲಿನ ಮಹಿಳಾ ಆಯೋಗ ಅವಳು ಹೋದ ಪ್ರತಿ ಕಚೇರಿಯಲ್ಲೂ ಏನಾಯಿತು ಅಂತ ಕೆದಕಿ ನೋಡಿತು. ಸತ್ತವಳ ಹೆಸರಿನ ಮೇಲೆ ಅದನ್ನು ಚರಣ್ ತನಿಖೆ ಅಂತ ಕರೆಯುತ್ತಾರೆ. ಕೆನಡಾದ ಒಂಟಾರಿಯೊದಲ್ಲಿ 2003ರಿಂದ ಇಂಥ ಸಾವುಗಳಿಗಾಗಿಯೇ ಒಂದು ಸಮಿತಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಿಂದ ಈ ಪರಿಶೀಲನೆ ಕಾನೂನಿನ ಪ್ರಕಾರ ಆಗಲೇಬೇಕು. ನಮ್ಮ ಬೆಂಗಳೂರಿನಲ್ಲೂ 90ರ ದಶಕದಲ್ಲಿ ವಿಮೋಚನಾ ಎಂಬ ಮಹಿಳಾ ಸಂಘಟನೆಯ ಹೆಣ್ಣುಮಕ್ಕಳು 'ಸ್ಟವ್ ಸಿಡಿದು ಸಾವು' ಅಂತ ಬರೆದಿದ್ದ ಸಾವುಗಳ ಹಿಂದೆ ಬಿದ್ದು ಎಷ್ಟೋ ಸತ್ಯ ಹೊರಗೆ ತಂದರು. ಆಮೇಲೆ ಅದು ಸರ್ಕಾರದ ಒಂದು ಪದ್ಧತಿಯಾಗಿ ನಿಲ್ಲಲಿಲ್ಲ. ನನಗೆ ಇವತ್ತಿಗೂ ಇದರ ಬಗ್ಗೆ ಸಿಟ್ಟಿದೆ.

ಕಾಗದ ಎಲ್ಲಿಂದ ತರುವುದು ಅಂತ ತುಂಬಾ ಜನ ಕೇಳುತ್ತಾರೆ. ನಾವು ಮುಗಿದ ಕೇಸುಗಳನ್ನು ಮಾತ್ರ ತೆಗೆದುಕೊಂಡೆವು. ನಡೆಯುತ್ತಿರುವ ಕೇಸಿನಲ್ಲಿ ಸಾಕ್ಷಿಗಳ ಹತ್ತಿರ ಹೋಗಿ ಮಾತಾಡಿದರೆ ಆರೋಪಿಯ ವಕೀಲರಿಗೆ ಒಂದು ದಾರಿ ಸಿಕ್ಕಂತಾಗುತ್ತದೆ, ಅದು ಬೇಡ. ತೀರ್ಪು, ಪಂಚನಾಮೆ, ಸಾಕ್ಷಿಗಳ ಹೇಳಿಕೆ ಇವೆಲ್ಲ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿದರೆ ಸಿಗುತ್ತವೆ. ಆಸ್ಪತ್ರೆ ಚೀಟಿ, ಠಾಣೆಯ ಹಿಂಬರಹ, ಮುಚ್ಚಳಿಕೆಯ ಜೆರಾಕ್ಸ್ ಸಾಮಾನ್ಯವಾಗಿ ತವರಿನಲ್ಲಿರುತ್ತವೆ. ಪ್ಲಾಸ್ಟಿಕ್ ಕವರಿನೊಳಗೆ, ರೇಷನ್ ಕಾರ್ಡಿನ ಜೊತೆ. ಸಂಘದ ಹಾಜರಿ ಪುಸ್ತಕವನ್ನು ನೋಡಲು ಹೇಳಿದ್ದು ನಮ್ಮ ಸಂಘದ ಅಕ್ಕ. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ತವರಿಗೆ ಹೋಗುವಾಗ ಇಬ್ಬರೇ ಹೋಗುತ್ತೇವೆ. ರೆಕಾರ್ಡ್ ಮಾಡುವುದಿಲ್ಲ. ವರ್ಷದ ತಿಥಿಯ ಆಸುಪಾಸಿನಲ್ಲಿ ಹೋಗುವುದಿಲ್ಲ. 'ಯಾಕೆ ವಾಪಸ್ ಕಳಿಸಿದಿರಿ?' ಅಂತ ಕೇಳಲೇಬಾರದು. ಆ ಪ್ರಶ್ನೆಯನ್ನು ಅವರು ದಿನಾ ತಮಗೆ ತಾವೇ ಕೇಳಿಕೊಳ್ಳುತ್ತಿರುತ್ತಾರೆ. ಅವಳು ಹೇಗಿದ್ದಳು, ಏನು ಇಷ್ಟ, ಸ್ಕೂಲಲ್ಲಿ ಹೇಗಿದ್ದಳು ಅಂತ ಶುರು ಮಾಡಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ.

ಒಂದು ಕೇಸನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಬೇರೆ ಕೇಸುಗಳ ವಿವರವನ್ನೂ ಇದರಲ್ಲಿ ಬೆರೆಸಿದ್ದೇನೆ. ಅವಳಿಗೆ ಮದುವೆಯಾಗಿ 8 ವರ್ಷವಾಗಿತ್ತು. 7 ವರ್ಷದೊಳಗೆ ಸತ್ತಿದ್ದರೆ ತಹಶೀಲ್ದಾರರು ಬಂದು ಪಂಚನಾಮೆ ಮಾಡಿ ತವರಿನವರ ಹೇಳಿಕೆ ತೆಗೆದುಕೊಳ್ಳುತ್ತಿದ್ದರು. 7 ದಾಟಿದ್ದರಿಂದ ಪೊಲೀಸರ ಪಂಚನಾಮೆಯಲ್ಲೇ ಮುಗಿದಿತ್ತು.

ಚಾರ್ಟ್ ಶೀಟುಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ, ತಾರೀಖಿನ ಪ್ರಕಾರ ಒಂದೊಂದೇ ಬರೆದೆವು. ಮೊದಲಿಗೆ ಸಂಘದ ಪುಸ್ತಕ. ಪ್ರತಿ ವಾರ ಸಹಿ ಹಾಕುತ್ತಿದ್ದವಳು ದೀಪಾವಳಿ ಆದ ಮೇಲೆ ಬರುವುದನ್ನೇ ನಿಲ್ಲಿಸಿದ್ದಳು. ಉಳಿತಾಯದ ದುಡ್ಡು ಪಕ್ಕದ ಮನೆಯವಳ ಕೈಲಿ ಬರುತ್ತಿತ್ತು. ಅವನು ಅವಳ ಫೋನ್ ಕಿತ್ತುಕೊಂಡದ್ದು ಅದೇ ಹೊತ್ತಿಗೆ ಅಂತ ತಂಗಿಯ ಹೇಳಿಕೆಯಲ್ಲಿತ್ತು. ಆಮೇಲೆ ಒಂದು ಹೊರರೋಗಿ ಚೀಟಿ. 'ಗಂಟಲು ನೋವು, ನುಂಗಲು ಕಷ್ಟ, ಧ್ವನಿ ಕಟ್ಟಿದೆ.' ಶೀತದ ಮಾತ್ರೆ ಬರೆದುಕೊಟ್ಟಿದ್ದರು. ಅದಾದ ಕೆಲವೇ ದಿನಕ್ಕೆ ಠಾಣೆಯಲ್ಲಿ ಕೊಟ್ಟ ಅರ್ಜಿ. ಅದರಲ್ಲಿ ಅವಳೇ ಬರೆದಿದ್ದಾಳೆ, 'ಕುತ್ತಿಗೆ ಅಮುಕಿದರು' ಅಂತ. ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ್ದರು. ಹಿಂಬರಹದಲ್ಲಿ 'ಅನ್ಯೋನ್ಯವಾಗಿ ಬಾಳುವುದಾಗಿ ಒಪ್ಪಿರುತ್ತಾರೆ' ಅಂತಿತ್ತು.

ಚೀಟಿಯನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟಾಗ ನಮ್ಮ ನರ್ಸ್ ಕಣ್ಣೀರು ಹಾಕಿದಳು. ಕತ್ತು ಹಿಸುಕಿದಾಗ ಎಷ್ಟೋ ಸಲ ಹೊರಗೆ ಗುರುತೇ ಕಾಣುವುದಿಲ್ಲ. ಧ್ವನಿ ಗೊಗ್ಗರಾಗುವುದು, ನುಂಗಲು ಆಗದಿರುವುದು, ಕಣ್ಣಿನಲ್ಲಿ ಕೆಂಪು ಚುಕ್ಕಿ, ಇವೇ ಗುರುತು. ಅಮೆರಿಕದಲ್ಲಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ನರ್ಸ್ ಮತ್ತು ಅವರ ಜೊತೆಯವರು ಇಂಥ ಸಾವುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಗಂಡ ಒಮ್ಮೆ ಕತ್ತು ಹಿಸುಕಿದ್ದರೆ ಮುಂದೆ ಅವನ ಕೈಯಲ್ಲೇ ಸಾಯುವ ಅಪಾಯ ಸುಮಾರು 7 ಪಟ್ಟು ಜಾಸ್ತಿ ಅಂತ ಅವರ ಲೆಕ್ಕ ಹೇಳುತ್ತದೆ. ಅವಳು ಎರಡು ಕಡೆ ಇದನ್ನು ಹೇಳಿದ್ದಳು. ಆ ಎರಡೂ ಕಾಗದ ಒಂದೇ ಕಡೆ ಸೇರಿದ್ದು ಅವಳು ಸತ್ತ ಮೇಲೆ, ನಮ್ಮ ಚಾರ್ಟಿನಲ್ಲಿ.

ಅವಳು ತವರಿಗೆ ಬಂದದ್ದು ಆಮೇಲೆ. ಸಂಸಾರ ಸಾಕು, ಇನ್ನು ಹೋಗಲ್ಲ ಅಂತ ಗಟ್ಟಿಯಾಗಿಯೇ ಹೇಳಿದ್ದಳು. ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಲು ಹೋದಾಗ ಟಿ.ಸಿ. ತನ್ನಿ ಅಂದರು. ಟಿ.ಸಿ. ತರಲು ಗಂಡನ ಊರಿಗೆ ಒಬ್ಬಳೇ ಬಸ್ ಹತ್ತಿದಳು. ಅವನು ಆ ವಾರ ಪೂರ್ತಿ ಕೆಲಸಕ್ಕೆ ಹೋಗದೆ ಶಾಲೆಯ ಎದುರಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದ ಅಂತ ಅಂಗಡಿಯವನೇ ಕೋರ್ಟಿನಲ್ಲಿ ಹೇಳಿದ್ದಾನೆ. 'ಟಿ.ಸಿ.ಗೆ ಬಂದೇ ಬರ್ತಾಳೆ' ಅಂದಿದ್ದನಂತೆ.

ಅವಳ ಅಮ್ಮ ನನ್ನ ಕೈ ಹಿಡಿದುಕೊಂಡು, "ನಾನೂ ಬೇಡ ಅನ್ಲಿಲ್ಲ ಕಣಮ್ಮ. ಮಗೀಗೆ ಸ್ಕೂಲ್ ಸರ್ಟಿಫಿಕೇಟ್ ಬೇಕಿತ್ತಲ್ಲ" ಅಂದರು.

ಆ ಸರ್ಟಿಫಿಕೇಟ್ ಬೇಕಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿ.ಸಿ. ತಡವಾಯಿತು ಅನ್ನೋ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ನಮ್ಮ ಗುಂಪಿನ ಶಿಕ್ಷಕಿ ಇದನ್ನು ಹೇಳಿದಾಗ ತುಂಬಾ ಹೊತ್ತು ನಮಗೆ ಮಾತೇ ಹೊರಡಲಿಲ್ಲ. ಆ ತಾಯಿಗೆ ಇದನ್ನು ಹೇಳಬೇಕಾ ಅಂತ ಬಹಳ ಚರ್ಚೆಯಾಯಿತು. ಹೇಳಲಿಲ್ಲ.

ಹೆಂಗಸು ಮನೆ ಬಿಟ್ಟ ಮೇಲೆ ಬಚಾವಾದಳು ಅಂತ ನಮ್ಮಲ್ಲಿ ಎಲ್ಲರೂ ನಿರಾಳವಾಗುತ್ತಾರೆ. ನಾವು ನೋಡಿದ ಫೈಲುಗಳಲ್ಲಿ ಮತ್ತೆ ಮತ್ತೆ ಕಂಡದ್ದು ಬೇರೆ. ಬಿಟ್ಟು ಬಂದ ಮೊದಲ ವಾರಗಳು, ಇಲ್ಲವೇ ಬಿಡ್ತೀನಿ ಅಂತ ಬಾಯಿಬಿಟ್ಟು ಹೇಳಿದ ದಿನಗಳು, ಅವೇ ಅತಿ ಅಪಾಯದ ಕಾಲ. ಒಂಟಾರಿಯೊದ ಸಮಿತಿ ಕೂಡ ವರ್ಷ ವರ್ಷ ಇದನ್ನೇ ಬರೆಯುತ್ತಾ ಬಂದಿದೆ. ಬಟ್ಟೆ ತರಲು, ಆಧಾರ್ ತರಲು, ಒಡವೆ ಕೇಳಲು, ಕೊನೆಯ ಸಲ ಮಾತಾಡೋಣ ಬಾ ಅಂತ ಕರೆದನೆಂದು, ಹೀಗೆ ಯಾವುದೋ ಒಂದಕ್ಕೆ ವಾಪಸ್ ಹೋದವರೇ ಜಾಸ್ತಿ.

ಸಭೆಯಲ್ಲಿ ನಾವೊಂದು ನಿಯಮ ಇಟ್ಟುಕೊಂಡಿದ್ದೇವೆ. ಯಾರ ತಪ್ಪು ಅಂತ ಕೇಳುವುದಿಲ್ಲ. ಆ ದಿನ ಅವಳ ಎದುರು ಕೂತಿದ್ದವರಿಗೆ ಏನು ಗೊತ್ತಿತ್ತು, ಇನ್ನೇನು ಗೊತ್ತಿದ್ದರೆ ಬೇರೆ ಮಾಡುತ್ತಿದ್ದರು ಅಂತ ಕೇಳುತ್ತೇವೆ. ಮೊದಲು ನನಗೆ ಇದು ಒಪ್ಪಿಗೆಯಾಗಲಿಲ್ಲ, ತಪ್ಪು ಮಾಡಿದವರನ್ನು ಸುಮ್ನೆ ಬಿಟ್ಟಂತೆ ಅನ್ನಿಸಿತ್ತು. ಆದರೆ ನಮ್ಮ ಹೆಡ್ ಕಾನ್‌ಸ್ಟೇಬಲ್ ಅಕ್ಕ ಅರ್ಥ ಮಾಡಿಸಿದರು. ಬೈದರೆ ಠಾಣೆಯವರು ಬಾಗಿಲು ಹಾಕಿಕೊಳ್ಳುತ್ತಾರೆ, ಮುಂದಿನ ಹೆಂಗಸಿಗೆ ಅದರಿಂದ ಏನೂ ಸಿಗುವುದಿಲ್ಲ ಅಂದರು. ಅವರ ಮಾತು ಸರಿ. ಕರ್ತವ್ಯಲೋಪ ಎದ್ದು ಕಂಡರೆ ಅದಕ್ಕೆ ದೂರು ಕೊಡುವ ದಾರಿ ಬೇರೆ ಇದೆ.

ಇದರಿಂದ ಏನು ಬದಲಾಯಿತು? ನಮ್ಮ ಕೇಂದ್ರಕ್ಕೆ ಯಾರೇ ಬರಲಿ, ಈಗ ನೇರವಾಗಿ ಕೇಳುತ್ತೇವೆ: ಕತ್ತು ಹಿಸುಕಿದ್ದಾನಾ? ಕೊಲ್ತೀನಿ ಅಂದಿದ್ದಾನಾ, ಅವನು ಹಾಗೆ ಮಾಡಬಹುದು ಅಂತ ನಿನಗೆ ಅನ್ನಿಸುತ್ತಾ? ಹಿಂದೆ ಹಿಂದೆ ಬರ್ತಾನಾ? ತಾನೇ ಸಾಯ್ತೀನಿ ಅಂತ ಹೆದರಿಸ್ತಾನಾ? ಕೊನೆಯ ಪ್ರಶ್ನೆಗೆ ಹೌದು ಅಂದರೆ ಜನ ಅವನ ಮೇಲೆ ಮರುಕ ಪಡುತ್ತಾರೆ. ನಾವು ಅವಳಿಗೆ ಅಪಾಯ ಜಾಸ್ತಿ ಅಂತ ಗುರುತು ಹಾಕಿಕೊಳ್ಳುತ್ತೇವೆ. ಕೌಟುಂಬಿಕ ದೌರ್ಜನ್ಯ ತಡೆ ನಿಯಮ 2006ರಲ್ಲಿ ನಮೂನೆ 5 ಅಂತ ಒಂದಿದೆ, ಸುರಕ್ಷತಾ ಯೋಜನೆ ಬರೆಯುವುದಕ್ಕೆ. ನಾವು ತೆಗೆದ ಒಂದು ಫೈಲಿನಲ್ಲೂ ಅದನ್ನು ತುಂಬಿದ್ದು ಕಾಣಲಿಲ್ಲ. ಈಗ ಅವಳ ಜೊತೆ ಕೂತು ತುಂಬುತ್ತೇವೆ. ವಾಪಸ್ ಹೋಗಿ ಏನು ತರಬೇಕಿದೆ ಅಂತಲೂ ಕೇಳಿ ಪಟ್ಟಿ ಮಾಡುತ್ತೇವೆ. ಟಿ.ಸಿ. ಇದ್ದರೆ ಹೊಸ ಶಾಲೆಗೆ ನಾವೇ ಹೋಗಿ ಮಾತಾಡುತ್ತೇವೆ. ಒಡವೆ, ಸ್ತ್ರೀಧನ ಇದ್ದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ವಾಪಸ್ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ, ವಕೀಲೆ ಅರ್ಜಿ ಹಾಕುತ್ತಾರೆ. ಒಬ್ಬಳೇ ಹೋಗಲು ಬಿಡುವುದಿಲ್ಲ.

ಆಸ್ಪತ್ರೆಯಲ್ಲಿ ನರ್ಸುಗಳ ಜೊತೆ ಮಾತಾಡಿದ್ದು ಸುಲಭವಾಯಿತು. ಧ್ವನಿ ಕಟ್ಟಿದೆ ಅಂತ ಬಂದ ಹೆಂಗಸನ್ನು ಜೊತೆಯಲ್ಲಿ ಬಂದವರಿಂದ ಬೇರೆ ಮಾಡಿ ಒಂದು ಮಾತು ಕೇಳುವುದು, ಅಷ್ಟೇ. ಠಾಣೆಯಲ್ಲಿ ಮುಚ್ಚಳಿಕೆಯ ಪದ್ಧತಿ ಇನ್ನೂ ಹಾಗೇ ಇದೆ. ಈಗಿನ ಸಬ್ ಇನ್‌ಸ್ಪೆಕ್ಟರ್ ಒಂದಕ್ಕೆ ಒಪ್ಪಿದ್ದಾರೆ. ಅರ್ಜಿಯಲ್ಲಿ ಕುತ್ತಿಗೆಯ ಮಾತು ಬಂದಿದ್ದರೆ ಅದನ್ನು ರಾಜಿಗೆ ಕೂರಿಸದೆ ಮೊದಲು ವೈದ್ಯಕೀಯ ಪರೀಕ್ಷೆಗೆ ಕಳಿಸುತ್ತಾರೆ. ಅವರಿಗೆ ವರ್ಗವಾದರೆ ಮತ್ತೆ ಮೊದಲಿಂದ ಹೇಳಬೇಕು, ಹೇಳುತ್ತೇವೆ.

ನಮಗೆ ಕಷ್ಟವಾಗಿರುವುದು ಆತ್ಮಹತ್ಯೆ ಅಂತ ಮುಚ್ಚಿದ ಯುಡಿಆರ್ (ಅಸಹಜ ಸಾವಿನ ವರದಿ) ಫೈಲುಗಳು. 'ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು' ಅನ್ನೋ ಸಾಲು ಎಷ್ಟೊಂದು ಫೈಲುಗಳಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಇರುತ್ತದೆ. ಕೆಳಗೆ 'ಸಾವಿನಲ್ಲಿ ಯಾವುದೇ ಅನುಮಾನವಿಲ್ಲ' ಅಂತ ಅಪ್ಪನ ಹೆಬ್ಬೆಟ್ಟು. ಇಂಗ್ಲೆಂಡಿನಲ್ಲಿ ಗಂಡನ ಹಿಂಸೆಯ ಹಿನ್ನೆಲೆಯಿರುವ ಆತ್ಮಹತ್ಯೆಗಳನ್ನೂ ಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ. ನಾವೂ ತೆಗೆದುಕೊಳ್ಳೋಣ ಅಂತ ತೀರ್ಮಾನ ಮಾಡಿದ್ದೇವೆ. ಈ ಸಲದ ಭಾನುವಾರಕ್ಕೆ ಅಂಥ ಒಂದು ಫೈಲಿನ ನಕಲು ಬಂದಿದೆ. ಹೊಟ್ಟೆನೋವಿಗೆ ತೋರಿಸಿದ್ದರೆ ಎಲ್ಲಾದರೂ ಒಂದು ಚೀಟಿ ಇರಬೇಕಲ್ವಾ? ಅದನ್ನು ಹುಡುಕಲು ಸಂಘದ ಅಕ್ಕ ಅವಳ ತವರೂರಿಗೆ ಹೋಗಿದ್ದಾರೆ.