ಹಿತ್ತಿಲಿನ ಆ ಮೂಲೆ ಗುಡಿಸಬೇಡಿ

ಮೈಸೂರಿನಲ್ಲಿ ಚಳಿಗಾಲದ ಹಕ್ಕಿ ನೋಡಬೇಕು ಅಂದರೆ ಎಲ್ಲರೂ ಕುಕ್ಕರಹಳ್ಳಿ ಕೆರೆಯ ದಾರಿ ಹಿಡಿಯುತ್ತಾರೆ. ಹೋಗಿ, ಬೇಡ ಅನ್ನೋಲ್ಲ. ಆದರೆ ದೂರದೂರಿಂದ ಬಂದ ನೆಂಟರು ನಿಮ್ಮ ದಾಸವಾಳದ ಗಿಡದಲ್ಲೇ ಇರುತ್ತಾರೆ. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತೇ ನೋಡಬಹುದು. ನಾನು ನೋಡುವುದೂ ಹಾಗೇ.

ಮೊದಲ ಕೆಲಸ, ಕೆಲಸ ಮಾಡದೇ ಇರುವುದು. ಹಿತ್ತಿಲಿನ ಒಂದು ಮೂಲೆಯನ್ನು ಅಕ್ಟೋಬರಿನಿಂದ ಯುಗಾದಿವರೆಗೆ ಗುಡಿಸಬೇಡಿ. ನಮ್ಮಲ್ಲಿ ಅದು ಮಾವಿನ ಮರದ ಬುಡ. ಬಿದ್ದ ಎಲೆ ಅಲ್ಲೇ ಕೊಳೆಯಲಿ. ಅದರಡಿ ಎರೆಹುಳು, ಗೆದ್ದಲು ಸೇರುತ್ತವೆ. ಅವನ್ನು ಹುಡುಕಿಕೊಂಡು ನವರಂಗ ಅನ್ನೋ ಬಣ್ಣದ ಹಕ್ಕಿ ಬರುತ್ತದೆ. 'ಹಾವು ಬರುತ್ತೆ' ಅಂತ ಮನೆಯಲ್ಲಿ ಗೊಣಗುವವರು ಇದ್ದೇ ಇರುತ್ತಾರೆ. ಅದಕ್ಕೇ ಮೂಲೆ ಬಾಗಿಲಿಂದ ದೂರ ಇರಲಿ, ಅಲ್ಲಿ ಇಟ್ಟಿಗೆ, ಹಳೇ ಹೆಂಚು ಪೇರಿಸಬೇಡಿ, ಎಲೆಯೊಳಗೆ ಕೈ ಹಾಕಬೇಡಿ.

ನವರಂಗ ಮರಿ ಮಾಡುವುದು ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದಲ್ಲಿ. ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ಬಣ್ಣ ಇಷ್ಟಿದ್ದೂ ಸುಲಭಕ್ಕೆ ಕಾಣುವುದಿಲ್ಲ, ನೆರಳು ಬಿಟ್ಟು ಹೊರಗೆ ಬರುವುದೇ ಅಪರೂಪ. ಬೆಳಗಿನ ಜಾವ ಮತ್ತು ಸಂಜೆ ಕತ್ತಲಾಗುವ ಹೊತ್ತಿಗೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಅದು ಕೇಳಿದರೆ ಮರುದಿನ ಬೆಳಿಗ್ಗೆ ಅಲ್ಲಾಡದೆ ಕೂರಿ. ಎರಡು ಕುಪ್ಪಳ, ಒಂದು ನಿಲುವು. ಕೊಕ್ಕಿನಿಂದ ಒಂದು ಎಲೆ ಎತ್ತಿ ಪಕ್ಕಕ್ಕೆ ಒಗೆಯುತ್ತದೆ. ತಲೆ ಓರೆ ಮಾಡಿ ನೋಡುತ್ತದೆ. ಮೋಟು ಬಾಲ ಮೆಲ್ಲಗೆ ಮೇಲೆ ಕೆಳಗೆ ಆಡುತ್ತದೆ. ಕಣ್ಣಿನ ಮೇಲೆ ಕಪ್ಪು ಪಟ್ಟಿ, ಬೆನ್ನು ಹಸಿರು, ಬಾಲದಡಿ ಕೆಂಪು. ಆಗ ಕಾಫಿ ಲೋಟ ಎತ್ತಿದಿರೋ, ಹಕ್ಕಿ ಮಾಯ!

ಎರಡನೆಯದು ಕಿವಿ. ಡಿಸೆಂಬರಿನಲ್ಲಿ ಬಿಸಿಲು ಬೀಳುವ ಹೊತ್ತು, ಏಳರಿಂದ ಎಂಟೂವರೆ, ಒಳ್ಳೇ ಸಮಯ. ಪೊದೆಯೊಳಗಿಂದ ಎರಡು ಬೆಣಚುಕಲ್ಲು ತಟ್ಟಿದ ಹಾಗೆ 'ಚಕ್... ಚಕ್' ಅಂದರೆ ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಕಂದು ಬಣ್ಣದ, ಹತ್ತು ಹನ್ನೆರಡು ಗ್ರಾಂ ತೂಗುವ ಪುಟ್ಟ ಹಕ್ಕಿ. ಪೂರ್ವ ಯುರೋಪ್, ಮಧ್ಯ ಏಷ್ಯಾ ಕಡೆಯಿಂದ ಬರುತ್ತದೆ. ಮರದ ಮೇಲಿಂದ 'ಚಿಸ್ವೀ' ಕೇಳಿದರೆ ಗ್ರೀನಿಶ್ ವಾರ್ಬ್ಲರ್. ಎಲೆಯ ಬಣ್ಣವೇ ಅದಕ್ಕೂ, ಒಂದು ಕಡೆ ನಿಲ್ಲುವುದೂ ಇಲ್ಲ. ಕಣ್ಣಲ್ಲಿ ಹುಡುಕಿದರೆ ಕತ್ತು ನೋಯುತ್ತದೆ ಅಷ್ಟೇ. ಈ ಎರಡು ಸದ್ದು ಕಲಿತರೆ ಮೈಸೂರಿನ ಅರ್ಧ ಚಳಿಗಾಲ ಕಲಿತಂತೆ ಅಂತ ನನ್ನ ಲೆಕ್ಕ. ಮೊಬೈಲಿನ ಮರ್ಲಿನ್ ಆಪ್ ಸದ್ದು ಕೇಳಿ ಹೆಸರು ಹೇಳುತ್ತದೆ. ಅದನ್ನು ಸುಳಿವು ಅಂತ ತಗೊಳ್ಳಿ, ತೀರ್ಪು ಅಂತ ಅಲ್ಲ. ಹಕ್ಕಿಯನ್ನು ಕರೆಯೋಕೆ ಅದರ ಕೂಗು ಹಾಕಿ ಕೇಳಿಸುವುದು ಮಾತ್ರ ಬೇಡ, ಸುಮ್ನೆ ಗಾಬರಿ ಮಾಡಿದ ಹಾಗಾಗುತ್ತದೆ.

ಜಾಗ ಇದ್ದರೆ ಗಸಗಸೆ ಹಣ್ಣಿನ ಮರ ಇರಲಿ. ಪಿಕಳಾರ, ಅಳಿಲು, ರಾತ್ರಿ ಬಾವಲಿ, ಎಲ್ಲಾ ಬರುತ್ತವೆ. ನೀರಿಗೆ ಅಗಲದ ಮಣ್ಣಿನ ತಟ್ಟೆ ಸಾಕು. ಎರಡು ಬೆರಳಿಗಿಂತ ಆಳ ಬೇಡ, ಒಳಗೆ ಒಂದು ಒರಟು ಕಲ್ಲಿಡಿ. ಬೆಕ್ಕು ಅಡಗುವ ಪೊದೆಗೆ ಅಂಟಿಸಿ ಇಡಬೇಡಿ. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ಉಪ್ಪು ಹಾಕಿದ ಚಿತ್ರಾನ್ನ ಚೆಲ್ಲಿದರೆ ಪಾರಿವಾಳ, ಕಾಗೆಗಳೇ ಜಾಸ್ತಿಯಾಗುತ್ತವೆ.

ಕಂಡದ್ದನ್ನು ಹಂಚಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಮೊದಮೊದಲು ಬರೀ ಮಸುಕು ಫೋಟೋ, 'ಇದ್ಯಾವುದು?' ಅನ್ನೋ ಪ್ರಶ್ನೆ. ಈಗ ನಾಲ್ಕು ಸಂಗತಿ ಬರೆಯುತ್ತೇವೆ: ಎಷ್ಟು ಹೊತ್ತಿಗೆ, ಯಾವ ಗಿಡದಲ್ಲಿ, ನೆಲದಿಂದ ಎಷ್ಟು ಎತ್ತರದಲ್ಲಿ, ಏನು ಮಾಡುತ್ತಿತ್ತು. ಫೋಟೋ ಇಲ್ಲದಿದ್ದರೂ ಅರ್ಧ ಹಕ್ಕಿಗಳ ಹೆಸರು ಇಷ್ಟರಲ್ಲೇ ಸಿಗುತ್ತದೆ. ಎದುರು ಮನೆ ಅಜ್ಜಿ ಕಳಿಸುವ ಧ್ವನಿ ಸಂದೇಶಗಳಂತೂ ಯಾವ ಫೋಟೋಗಿಂತಲೂ ವಾಸಿ. ಒಂದೇ ಕಟ್ಟುನಿಟ್ಟು: ಹಾಲಕ್ಕಿ, ಗೂಬೆಗಳ ಪೊಟರೆ ಎಲ್ಲಿದೆ ಅಂತ ಯಾರೂ ಹಾಕುವ ಹಾಗಿಲ್ಲ. ವಾಮಾಚಾರಕ್ಕೆ ಗೂಬೆ ಹಿಡಿಯುವವರು ಇನ್ನೂ ಇದ್ದಾರೆ.

ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನೋ ಹಕ್ಕಿ ಎಣಿಕೆ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, 2013ರಿಂದ ಜಗತ್ತಿನ ಎಲ್ಲ ಕಡೆ, ಭಾರತದಲ್ಲೂ ಇದೆ. ಕನಿಷ್ಠ 15 ನಿಮಿಷ ಕೂತು, ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಹಕ್ಕಿಪಟ್ಟಿ ಸೇರಿಸುವ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಬೇಕು. ಕಾಗೆ ಬಿಡಬೇಡಿ, ಹರಟೆಮಲ್ಲನನ್ನೂ ಬಿಡಬೇಡಿ. ಎಷ್ಟಿದ್ದವು ಅಂತ ಗೊತ್ತೇ ಆಗದಿದ್ದರೆ ಸಂಖ್ಯೆಯ ಜಾಗದಲ್ಲಿ 'ಎಕ್ಸ್' ಹಾಕಬಹುದು. ಹೆಸರು ಗೊತ್ತಿಲ್ಲದಿದ್ದರೆ ಊಹೆ ಮಾಡಿ ತುಂಬಬೇಡಿ. ನಾಲ್ಕೂ ದಿನ ಆಗದಿದ್ದರೆ ಒಂದೇ ದಿನ ಕೂರಿ, ಅದೂ ಲೆಕ್ಕಕ್ಕೆ ಸೇರುತ್ತದೆ.