ಆಲದ ಕೊಂಬೆ ಹೂತು ಮರ ಮಾಡಿದ್ದು: ನನ್ನ ಅನುಭವ

ಎಂಟು ಅಡಿ ಉದ್ದದ ಆಲದ ಕೊಂಬೆಯನ್ನು ಗುಂಡಿಗೆ ಇಳಿಸಿ ಮಣ್ಣು ಮುಚ್ಚಿದರೆ ಮರ ಆಗುತ್ತೆ ಅಂದಾಗ ನಮ್ಮೂರಲ್ಲಿ ನಕ್ಕವರೇ ಜಾಸ್ತಿ. ನರ್ಸರಿ ನಡೆಸುವ ಸ್ನೇಹಿತರೊಬ್ಬರು, "ತಾಯಿಬೇರೇ ಇಲ್ಲದ ಮರ, ಒಂದು ಗಾಳಿಗೆ ಮಲಗುತ್ತೆ ಬಿಡಿ" ಅಂದಿದ್ದರು. ಈಗ ಗುಂಡುತೋಪಿನಲ್ಲಿ ಅದರ ನೆರಳಲ್ಲಿ ಕುರಿಗಳು ಮಲಗುತ್ತವೆ. ಅದೇ ಸ್ನೇಹಿತರು ಮೊನ್ನೆ ಬಂದು ಬಸರಿ ಕೊಂಬೆ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿರಾ ಕಡೆ, ಮಳೆ ಕಮ್ಮಿ. ಹಳಬರು ತೋಪಿಗೆ ಹುಣಸೆ, ಹಿಪ್ಪೆ, ಹೊಂಗೆ, ಮಾವು ಹಾಕಿದ್ದರು. ಅದರಲ್ಲಿ ಅರ್ಧ ಹೋಗಿತ್ತು. ಮತ್ತೆ ನೆಡೋಣ ಅಂದಾಗ ಎಲ್ಲರ ಬಾಯಲ್ಲೂ ಹುಣಸೆಯೇ. ತುಮಕೂರು ಮಾರ್ಕೆಟ್ ಹತ್ತಿರ ಇದೆ, ವರ್ಷ ವರ್ಷ ಹರಾಜು ಹಾಕಬಹುದು, ಆಲದಿಂದ ಏನು ಬರುತ್ತೆ ಅಂತ. ಹುಣಸೆ ಮೇಲೆ ನನಗೇನೂ ಸಿಟ್ಟಿಲ್ಲ. ಇಲ್ಲೇ ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರದ ಮೇಲೇ ಗೂಡು ಕಟ್ಟುತ್ತವೆ, ನೋಡಿದವರಿಗೆ ಗೊತ್ತು. ಆದರೆ ಆಲ, ಅದರ ಬಳಗದ ಅತ್ತಿ, ಬಸರಿ, ಗೋಣಿ ಇವು ಎಲ್ಲಾ ಒಂದೇ ಸಲ ಹಣ್ಣು ಬಿಡುವುದಿಲ್ಲ. ಈ ಮರ ಈ ತಿಂಗಳು, ಪಕ್ಕದ್ದು ಇನ್ನೊಂದು ತಿಂಗಳು. ಬೇರೆ ಮರದಲ್ಲಿ ಏನೂ ಇಲ್ಲದ ದಿನಕ್ಕೂ ಕುಟ್ರಹಕ್ಕಿ, ಗೊರವಂಕ, ಬಾವಲಿಗೆ ಎಲ್ಲೋ ಒಂದು ಕಡೆ ಊಟ ಇದ್ದೇ ಇರುತ್ತೆ.

ಮೊದಲು ಎಲ್ಲರ ಹಾಗೆ ಸಸಿಯನ್ನೇ ಹಾಕಿದ್ದೆವು. ಸಸಿಗೆ ಮೂವತ್ತು ರೂಪಾಯಿ, ಅದರ ಸುತ್ತ ಕಬ್ಬಿಣದ ಗಾರ್ಡಿಗೆ ಒಂಬೈನೂರೋ ಸಾವಿರವೋ. ಗಾರ್ಡ್ ಗುಜರಿಗೆ ಹೋಯಿತು, ಸಸಿ ಮೇಕೆ ಹೊಟ್ಟೆಗೆ ಹೋಯಿತು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಒಂದು ಲೋಡಿಗೆ ಆರುನೂರು. ಮೂರು ಬೇಸಿಗೆ ದಾಟುವ ಹೊತ್ತಿಗೆ ಒಂದೊಂದು ಗಿಡಕ್ಕೆ ಒಂದೂವರೆ ಸಾವಿರದ ಮೇಲೆ ಬಿದ್ದಿತ್ತು. ಉಳಿದದ್ದು ಬೆರಳೆಣಿಕೆ. ಕೊಂಬೆಗೆ ಟ್ರ್ಯಾಕ್ಟರ್ ಬಾಡಿಗೆ, ಗುಂಡಿ, ಮುಳ್ಳು ಎಲ್ಲಾ ಸೇರಿ ಇನ್ನೂರೈವತ್ತು ಆಗಿರಬಹುದು. ಕೊಂಬೆಯಂತೂ ಬಿಟ್ಟಿ. ಮಳೆಗಾಲಕ್ಕೆ ಮುಂಚೆ ಕರೆಂಟ್ ಲೈನ್ ಕೆಳಗಿನ ರೆಂಬೆ ಸವರುತ್ತಾರಲ್ವಾ, ಕೊಂಬೆ ನೆಡೋಕೂ ಅದೇ ಸರಿಯಾದ ಕಾಲ. ಲೈನ್‌ಮನ್‌ಗೆ ಮೊದಲೇ ಹೇಳಿ, ಒಂದು ಟೀ ಕುಡಿಸಿದರೆ ಬೇಕಾದ ಗಾತ್ರಕ್ಕೇ ಕಡಿದು ಕೊಡುತ್ತಾರೆ.

ಗಾತ್ರ ತೋಳಿನಷ್ಟಿರಲಿ, ಉದ್ದ ಏಳೆಂಟು ಅಡಿ. ಎರಡೂವರೆ ಅಡಿ ಮಣ್ಣೊಳಗೆ ಹೋದರೂ ಚಿಗುರು ಮೇಕೆ ಬಾಯಿಗೆ ಸುಲಭಕ್ಕೆ ಸಿಗಲ್ಲ. ಸಸಿಗಿಂತ ಕೊಂಬೆ ಮೇಲು ಅನ್ನೋದು ಇದಕ್ಕೇ. ಎಲೆ ಪೂರ್ತಿ ತೆಗೆಯಿರಿ. ಹಾಲು ಸುರಿಯುವುದು ನಿಲ್ಲುವ ತನಕ ನೆರಳಲ್ಲಿ ಇಡಿ. ಮೇಲಿನ ತುದಿಗೆ ಸಗಣಿ, ಕೆಮ್ಮಣ್ಣು. ಕೆಳಗಿನ ತುದಿಗೆ ನಾನು ಹಚ್ಚುವುದು ಬೇರೆ, ಅದನ್ನು ಇಲ್ಲಿ ಬರೆಯಲ್ಲ, ಕ್ಷಮಿಸಿ. ಭರಣಿ ಮಳೆ (ಏಪ್ರಿಲ್ ಕೊನೆ, ಮೇ ಮೊದಲು) ಹೊತ್ತಿಗೆ ನೆಲದೊಳಗೆ ಇರಬೇಕು. ಮಣ್ಣನ್ನು ಹಾರೆಯಿಂದ ಗಟ್ಟಿಯಾಗಿ ಜಡಿಯಬೇಕು, ಪೊಳ್ಳು ಉಳಿದರೆ ಗೆದ್ದಲು ಗ್ಯಾರಂಟಿ. ಒಂದು ವರ್ಷ ಕೊಂಬೆಗಳ ಒಂದು ಸಾಲು ಪೂರ್ತಿ ಗೆದ್ದಲಿಗೆ ಹೋಯಿತು. ಆಮೇಲಿಂದ ಬೇವಿನ ಹಿಂಡಿ ಇಲ್ಲದೆ ಗುಂಡಿ ಮುಚ್ಚುವುದಿಲ್ಲ. ಗಾಳಿಗೆ ಅಲ್ಲಾಡದ ಹಾಗೆ ಮೂರು ಕಡೆ ಊರುಗೋಲು. ಅಲ್ಲಾಡಿದರೆ ಹೊಸ ಬೇರು ಕಿತ್ತುಹೋಗುತ್ತೆ.

ಇನ್ನು ಚಿಗುರು. ಮೂರು ವಾರಕ್ಕೆ ತೊಗಟೆ ಮೇಲಿನ ಬಿಳಿ ಚುಕ್ಕೆಗಳು ಉಬ್ಬುತ್ತವೆ, ಗಿಣ್ಣಿನಲ್ಲಿ ಮೊನಚಾದ ಮೊಗ್ಗು ಬಂದು, ಮೇಲಿನ ಪೊರೆ ಬಿದ್ದು, ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ ಬಿಚ್ಚಿಕೊಳ್ಳುತ್ತೆ. ಊರಿನವರೆಲ್ಲ ಬಂದು ಫೋಟೋ ತೆಗೆಯುತ್ತಾರೆ. ನಂಬಬೇಡಿ. ಅದು ಕೊಂಬೆಯೊಳಗೆ ಕೂಡಿಟ್ಟ ಗಂಟು ಖರ್ಚಾಗುತ್ತಿರುವುದು, ಅಷ್ಟೇ. ಕೆಳಗೆ ಬೇರೇ ಇರುವುದಿಲ್ಲ. ಒಂದೂವರೆ ತಿಂಗಳಿಗೆ ಎಲ್ಲಾ ಒಣಗಿ ನಿಲ್ಲುವುದು ನೋಡಿದ್ದೇನೆ, ಅದೂ ಒಂದೆರಡಲ್ಲ. ಎರಡನೇ ಸಲದ ಚಿಗುರು ಬಂದು ನಿಂತರೆ ಮಾತ್ರ ಗೆದ್ದ ಲೆಕ್ಕ.

ನನ್ನ ನೆನಪಿನ ಲೆಕ್ಕದಲ್ಲಿ ಬಸರಿ ಹತ್ತಕ್ಕೆ ಎಂಟು, ಆಲ ಏಳು, ಗೋಣಿ ಹೆಚ್ಚುಕಮ್ಮಿ ಅಷ್ಟೇ, ಅತ್ತಿ ಅರ್ಧ. ಅರಳಿ? ಹತ್ತಕ್ಕೆ ಒಂದು ಬಂದರೆ ಹಬ್ಬ. ಬೇರು ಬರಿಸುವ ಪುಡಿ ಎಲ್ಲಾ ತಂದು ಹಚ್ಚಿದೆ, ಸುಮ್ನೆ ದುಡ್ಡು ದಂಡ. ಅರಳಿಗೆ ಬೀಜವೇ ದಾರಿ. ಬೀಜ ರಾಗಿಗಿಂತ ಸಣ್ಣ. ಹಣ್ಣು ಹಿಸುಕಿ ಬಿತ್ತಿದಾಗ ಅಲ್ಲೊಂದು ಇಲ್ಲೊಂದು ಮೊಳಕೆ. ಕೊನೆಗೆ ದೇವಸ್ಥಾನದ ತಾರಸಿ ಮೇಲೆ ಬಿದ್ದ ಹಕ್ಕಿ ಹಿಕ್ಕೆ ಕೆರೆದು ತಂದು, ಇಟ್ಟಿಗೆ ಪುಡಿ ಮೇಲೆ ಉದುರಿಸಿ, ಮಣ್ಣು ಮುಚ್ಚದೆ ಕೆಳಗಿನಿಂದ ನೀರು ಕುಡಿಸಿದೆ. ಪಾಚಿ ಬಂದಂತೆ ಹಸಿರಾಯಿತು. ಗೋಡೆ ಬಿರುಕಲ್ಲಿ ಅರಳಿ ಯಾಕೆ ಅಷ್ಟು ಚೆನ್ನಾಗಿ ಹುಟ್ಟುತ್ತೆ ಅಂತ ಯೋಚಿಸಿದರೆ ಉತ್ತರ ಅಲ್ಲೇ ಇತ್ತು.

ಬೀಜದ ಮಾತು ಬಂತು ಅಂತ ಹೇಳುತ್ತೇನೆ, ಅತ್ತಿಕಾಯಿ ಕೊಯ್ದು ನೋಡಿ. ಹೂವೆಲ್ಲ ಒಳಗೇ. ತುದಿಯಲ್ಲಿ ಒಂದು ಸಣ್ಣ ಕಿಂಡಿ, ಅದಕ್ಕೆ ಪದರ ಪದರದ ಮುಚ್ಚಳ. ಅದರೊಳಗೆ ನುಗ್ಗುವಾಗ, ಪರಾಗ ತರುವ ಸಣ್ಣ ಕಣಜದ ಹುಳದ ರೆಕ್ಕೆಯೇ ಮುರಿದುಹೋಗುತ್ತೆ. ಒಳಗೆ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ. ಆ ಮರಿಗಳು ಪರಾಗ ಹೊತ್ತು ಹೊರಬಂದು, ಒಂದೆರಡು ದಿನದೊಳಗೆ ಕಾಯಿ ಹದಕ್ಕೆ ಬಂದ ಇನ್ನೊಂದು ಅತ್ತಿ ಮರ ಹುಡುಕಬೇಕು. ಆಲದ್ದೇ ಬೇರೆ ಕಣಜ, ಅರಳಿಯದ್ದೇ ಬೇರೆ. ಒಂಟಿ ಮರ ನೆಟ್ಟು ಸುಮ್ಮನಾಗಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಅತ್ತಿಹಣ್ಣಲ್ಲಿ ಹುಳ ಅಂತ ಎಸೆಯುತ್ತೇವೆ, ಆ ಹುಳ ಇಲ್ಲದೆ ಬೀಜವೇ ಇಲ್ಲ.

ಕಾವಲಿನ ವಿಷಯ. ಮೇಕೆಗೆ ಜಾಲಿ ಮುಳ್ಳು ಸಾಕು. ಮಚ್ಚು ಹಿಡಿದು ಸೊಪ್ಪಿಗೆ ಬರುವವರಿಗೆ ಏನು ಮಾಡುವುದು? ಕೊಂಬೆಗೆ ಅರಿಶಿನ ದಾರ ಕಟ್ಟಿ, ಬುಡದಲ್ಲಿ ಒಂದು ಕಲ್ಲಿಟ್ಟು ಕುಂಕುಮ ಹಚ್ಚಿದೆ. ಮಾರನೇ ಅಮಾವಾಸ್ಯೆಗೆ ಯಾರೋ ನಿಂಬೆಹಣ್ಣು ಇಟ್ಟಿದ್ದರು! ಅವತ್ತಿಂದ ಅದನ್ನು ಯಾರೂ ಮುಟ್ಟಿಲ್ಲ. ಸಾವಿರ ರೂಪಾಯಿ ಗಾರ್ಡಿಗಿಂತ ಐದು ರೂಪಾಯಿ ಕುಂಕುಮ ಮೇಲು.

ಅರಳಿ ಕಟ್ಟೆಗೆ ಬೇವನ್ನೂ ಜೋಡಿ ಮಾಡಿ ಮದುವೆ ಮಾಡಿಸುವವರು ಬೇವನ್ನು ಎರಡು ವರ್ಷ ಮುಂಚೆಯೇ ನೆಡಿ. ಒಟ್ಟಿಗೆ ನೆಟ್ಟರೆ ಅರಳಿ ನುಂಗಿಹಾಕುತ್ತೆ. ಕಟ್ಟೆಗೆ ಸಿಮೆಂಟ್ ಬೇಡ, ಸುಮ್ನೆ ಕಲ್ಲು ಜೋಡಿಸಿ. ನಾಗರಕಲ್ಲು ಬುಡಕ್ಕೆ ತೀರಾ ಹತ್ತಿರ ಇಟ್ಟರೆ ಇಪ್ಪತ್ತು ವರ್ಷಕ್ಕೆ ಬೇರು ಅದನ್ನು ಎತ್ತಿಹಾಕುತ್ತೆ.

ತಾಯಿಬೇರಿನ ವಾದಕ್ಕೆ ನನ್ನ ಉತ್ತರ ಇಷ್ಟೇ. ಬೆಂಗಳೂರು ಪಕ್ಕ ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರಕ್ಕೆ ಹೋಗಿ ನೋಡಿ. ಮೂಲ ಕಾಂಡ ರೋಗ ಬಂದು ಯಾವತ್ತೋ ಸತ್ತಿದೆ, ಮರ ಮಾತ್ರ ಬಿಳಲುಗಳ ಮೇಲೇ ಮೂರು ಎಕರೆ ಹರಡಿ ನಿಂತಿದೆ. ಆಲ ಬದುಕುವುದು ಬಿಳಲಿಂದ. ಆದರೆ ರಸ್ತೆ ಬದಿಯಲ್ಲಿ ಬಿಳಲು ನೆಲ ಮುಟ್ಟುವುದರೊಳಗೆ ಯಾರಾದರೂ ಕೊಯ್ದು ಬಿಡುತ್ತಾರೆ. ಅದಕ್ಕೆ ಬಿದಿರಿನ ಗಂಟು ಒಡೆದು, ತೆಂಗಿನ ನಾರು, ಮಣ್ಣು ತುಂಬಿ, ಬಿಳಲನ್ನು ಅದರೊಳಗೆ ಇಳಿಸಿ ನೋಡಿದೆ. ನಾಲ್ಕರಲ್ಲಿ ಮೂರು ನೆಲ ಹಿಡಿದವು. ನಾಲ್ಕನೆಯದರಲ್ಲಿ ಇರುವೆ ಗೂಡು ಮಾಡಿತು. ಬಿದಿರನ್ನು ಒದ್ದೆ ಇಡುವುದರಲ್ಲಿ ಒಂದು ಉಪಾಯ ಇದೆ, ಬಂದವರಿಗೆ ತೋರಿಸುತ್ತೇನೆ.

ಮಧ್ಯೆ ಹಿಪ್ಪೆಯನ್ನೂ ಬಿತ್ತಿದೆ. ಉದುರಿದ ವಾರದಲ್ಲೇ ಹಾಕಿದ ಬೀಜ ಸುಮಾರಾಗಿ ಎಲ್ಲಾ ಹುಟ್ಟಿತು, ಚೀಲದಲ್ಲಿ ಎರಡು ತಿಂಗಳು ಉಳಿದದ್ದರಲ್ಲಿ ಒಂದೂ ಇಲ್ಲ. ದೀಪಕ್ಕೆ ಎಣ್ಣೆ ಬಂತು, ಅಷ್ಟೇ ಲಾಭ.

ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ 385 ಆಲದ ಮರ ನೋಡಿದ ಮೇಲೆ ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದೇನಲ್ಲ. ಅವರು ಬಿಂದಿಗೆಯಲ್ಲಿ ನೀರು ಹೊತ್ತವರು. ನಾನು ನೀರು ಹೊರದೆ ಮಾಡುವ ದಾರಿ ಹುಡುಕಿದೆ, ಅಷ್ಟು ಬೇಕಾದರೆ ಹೇಳಿಕೊಳ್ಳುತ್ತೇನೆ.

ಈ ಸಲ ಗೋಣಿ ಕೊಂಬೆ ಜಾಸ್ತಿ ಸಿಗುವ ಹಾಗಿದೆ. ಬೇಕಾದವರು ಯುಗಾದಿ ಕಳೆದ ಮೇಲೆ ಹೇಳಿ, ಭರಣಿಗೆ ಮುಂಚೆ ಒಯ್ಯಿರಿ. ಕೊಂಬೆ ನನ್ನದು, ಟ್ರ್ಯಾಕ್ಟರ್ ಬಾಡಿಗೆ ನಿಮ್ಮದು. ಕೂಲಿಯವರು ತಲೆಕೆಳಗಾಗಿ ನೆಟ್ಟುಬಿಡುತ್ತಾರೆ, ಎಲೆ ಉದುರಿದ ಗುರುತು ನೋಡಿ ಮೇಲಿನ ತುದಿಗೆ ಮೊದಲೇ ಸುಣ್ಣ ಬಳಿದಿಡಿ.