ಹೊಸ ಬಡಾವಣೆಯ ಕಡತ ನಗರಸಭೆಗೆ ಬಂದಾಗ: ರಸ್ತೆ, ನೀರು, ಶಾಲೆಯ ಪ್ರಶ್ನೆಗಳನ್ನು ನಾಗರಿಕರು ಎತ್ತುವ ಬಗೆ

ಊರಂಚಿನ ಹೊಲದಲ್ಲಿ ಜೆಸಿಬಿ ಓಡಾಡಿ, ಸುಣ್ಣದ ಗೆರೆ ಬಿದ್ದು, ನಂಬರು ಬರೆದ ಕಲ್ಲುಗಳನ್ನು ನೆಟ್ಟ ಮೇಲಷ್ಟೇ ನಮ್ಮಲ್ಲಿ ಹೆಚ್ಚಿನವರು ನಗರಸಭೆಯ ಮೆಟ್ಟಿಲು ಹತ್ತುತ್ತಾರೆ. ಆ ಹೊತ್ತಿಗೆ ಮುಖ್ಯವಾದ ತೀರ್ಮಾನಗಳೆಲ್ಲ ಕಾಗದದ ಮೇಲೆ ಮುಗಿದಿರುತ್ತವೆ, ಹೇಳಬೇಕಾದ ಮಾತನ್ನು ಹೇಳುವ ಅವಧಿಯೂ ಮೀರಿರುತ್ತದೆ. ಬಡಾವಣೆಯೊಂದು ಊರಿಗೆ ಸೇರುವ ಮುನ್ನ ಅದರ ಕಡತ ಎಲ್ಲೆಲ್ಲಿ ನಿಲ್ಲುತ್ತದೆ, ಯಾವ ಹಂತದಲ್ಲಿ ಯಾರಿಗೆ ಏನು ಬರೆದರೆ ಪ್ರಯೋಜನವಿದೆ ಎಂಬುದನ್ನು ಕರ್ನಾಟಕದ ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳ ನಿವಾಸಿಗಳಿಗಾಗಿ ಇಲ್ಲಿ ವಿವರಿಸಿದ್ದೇನೆ. ಬೆಂಗಳೂರಿಗೆ ಪ್ರತ್ಯೇಕ ಕಾನೂನು ಇರುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬಡಾವಣೆಯೇ ಬೇಡ ಎಂಬ ಅರ್ಜಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮನೆ ಬೇಕಾದವರು ಊರಿನಲ್ಲಿದ್ದಾರೆ. ಅನುಮೋದಿತ ನಿವೇಶನ ಸಿಗದಿದ್ದರೆ ಅವರು ಅನುಮೋದನೆಯೇ ಇಲ್ಲದ ರೆವಿನ್ಯೂ ಸೈಟುಗಳನ್ನು ಕೊಳ್ಳುತ್ತಾರೆ, ಅಲ್ಲಿ ರಸ್ತೆಯೂ ಇರುವುದಿಲ್ಲ, ಚರಂಡಿಯೂ ಇರುವುದಿಲ್ಲ, ಕೊನೆಗೆ ಖಾತೆಗಾಗಿ ವರ್ಷಗಟ್ಟಲೆ ಅಲೆದಾಟ. ಆದ್ದರಿಂದ ನಾವು ಕೇಳಬೇಕಾದದ್ದು ಷರತ್ತುಗಳನ್ನು. ಮನೆಗಳು ಏಳುವ ಮುನ್ನ ರಸ್ತೆ, ನೀರು, ಒಳಚರಂಡಿ ಸಿದ್ಧವಾಗಬೇಕು, ಮತ್ತು ಆ ಮಾತು ಬರವಣಿಗೆಯಲ್ಲಿ ಇರಬೇಕು.

ಯಾರ ಕೈಯಲ್ಲಿ ಏನಿದೆ

ನಗರಸಭೆಯೇ ಬಡಾವಣೆಗೆ ಅನುಮತಿ ಕೊಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಕೃಷಿ ಜಮೀನಿನ ಭೂ ಪರಿವರ್ತನೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಕಲಮಿನಡಿ ಕಂದಾಯ ಇಲಾಖೆಯ ಕೆಲಸ. ಬಡಾವಣೆಯ ವಿನ್ಯಾಸ ನಕ್ಷೆಗೆ ಅನುಮೋದನೆ ಕೊಡುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 17ನೇ ಕಲಮಿನಡಿ ಯೋಜನಾ ಪ್ರಾಧಿಕಾರದ ಕೆಲಸ. ಎಷ್ಟೋ ಊರುಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವೇ ಆ ಸ್ಥಾನದಲ್ಲಿರುತ್ತದೆ. ರಸ್ತೆ, ಚರಂಡಿ, ಬೀದಿದೀಪ, ಉದ್ಯಾನಗಳನ್ನು ತನ್ನ ವಶಕ್ಕೆ ಪಡೆದು, ಅಂದಿನಿಂದ ಮುಂದೆ ಎಲ್ಲರ ತೆರಿಗೆ ಹಣದಲ್ಲಿ ಅವುಗಳನ್ನು ನೋಡಿಕೊಳ್ಳುವ ಹೊಣೆ ಮಾತ್ರ ನಗರಸಭೆಯದು. ಹೀಗಾಗಿ ನಗರಸಭೆಯ ಮಾತಿಗೆ ಅತಿ ಹೆಚ್ಚು ತೂಕ ಇರುವುದು ಹಸ್ತಾಂತರದ ದಿನ; ಆ ದಿನವೇ ಅದು ಅತಿ ಸುಲಭವಾಗಿ ಸಹಿ ಹಾಕಿಬಿಡುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ನಾಗರಿಕರು ಮಾತನಾಡಲು ಅವಕಾಶವಿರುವ ಹಂತಗಳು ಇದಕ್ಕಿಂತ ಮುಂಚೆಯೂ ಇವೆ. ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ತಾತ್ಕಾಲಿಕವಾಗಿ ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಕಾಲಾವಕಾಶವಿದೆ. ಮಹಾಯೋಜನೆಯಲ್ಲಿ ಒಂದು ಬಳಕೆಗೆ ಗುರುತಿಸಿದ ಜಮೀನನ್ನು ಇನ್ನೊಂದು ಬಳಕೆಗೆ ಬದಲಿಸುವಾಗ, ಅದೇ ಯೋಜನಾ ಅಧಿನಿಯಮದ 14ಎ ಕಲಮಿನ ಪ್ರಕಾರ, ಆ ಪ್ರದೇಶದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಈ ಪ್ರಕಟಣೆಗಳು ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಬರುತ್ತವೆ, ಅವುಗಳಲ್ಲಿ ಊರಿನವರು ಕರೆಯುವ ಹೆಸರಿನ ಬದಲು ಗ್ರಾಮದ ಹೆಸರು ಮತ್ತು ಸರ್ವೆ ನಂಬರು ಇರುತ್ತದೆ. ನಿಮ್ಮ ಬಡಾವಣೆಯ ಸುತ್ತಲಿನ ಸರ್ವೆ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಅಂಟಿಸಿಕೊಳ್ಳುವುದು ಈ ಇಡೀ ಕೆಲಸದ ಮೊದಲ ಹೆಜ್ಜೆ.

ಕಾಗದಗಳನ್ನು ಓದುವುದು

ಸರ್ವೆ ನಂಬರು ಸಿಕ್ಕ ಮೇಲೆ ಪಹಣಿ ತೆಗೆಯಿರಿ. ಅದರಲ್ಲಿ ಮಾಲೀಕರ ಹೆಸರಿಗಿಂತ ಖರಾಬಿನ ವಿವರವನ್ನು ಗಮನಿಸುವುದು ಮುಖ್ಯ. ‘ಎ’ ಖರಾಬು ಎಂದರೆ ಸಾಗುವಳಿಗೆ ಯೋಗ್ಯವಲ್ಲದ ಭಾಗ. ‘ಬಿ’ ಖರಾಬು ಎಂದರೆ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದ ಭಾಗ: ದಾರಿ, ಹಳ್ಳ, ಕೆರೆ, ಸ್ಮಶಾನದಂಥವು. ಬಂಡಿ ದಾರಿಯೊಂದು, ಕಾಲುವೆಯೊಂದು ಬಡಾವಣೆಯ ನಕ್ಷೆಯಲ್ಲಿ ಮಾಯವಾಗಿ ಅದರ ಮೇಲೆ ನಿವೇಶನದ ನಂಬರು ಕುಳಿತಿದ್ದರೆ ಅದು ಪತ್ತೆಯಾಗುವುದು ಇಲ್ಲಿಯೇ. ಗ್ರಾಮ ನಕ್ಷೆಯನ್ನೂ ಬಡಾವಣೆಯ ವಿನ್ಯಾಸ ನಕ್ಷೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಎಂಬುದು ತಿಳಿಯುತ್ತದೆ. ಇದು ದಾರಿ ತೋರಿಸಲು ಸಾಕು, ಗಡಿ ನಿರ್ಧರಿಸಲು ಸಾಲದು. ಗಡಿಯ ಪ್ರಶ್ನೆ ಬಂದರೆ ಭೂಮಾಪಕರ ಅಳತೆಯನ್ನೇ ಕೋರಬೇಕು.

ವಿನ್ಯಾಸ ನಕ್ಷೆಯ ಪ್ರತಿ ಸಿಗುವ ಸುಲಭದ ಜಾಗವೆಂದರೆ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದ, ಅಂದರೆ ರೇರಾದ, ಜಾಲತಾಣ. 2016ರ ಸ್ಥಿರಾಸ್ತಿ ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಜಾಗದ ಯೋಜನೆಗಳು ನೋಂದಣಿಯಾಗಬೇಕಾಗಿರುವುದರಿಂದ ಹೆಚ್ಚಿನ ಬಡಾವಣೆಗಳ ದಾಖಲೆಗಳು ಅಲ್ಲಿರುತ್ತವೆ. ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂಬ ನಿರ್ಬಂಧವಿದೆ. ಹಲವು ಅರ್ಜಿಗಳು ತಿರಸ್ಕೃತವಾಗುವುದು ಈ ಕಾರಣಕ್ಕೆ. ‘ಬಡಾವಣೆಯ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದು ಬರೆಯುವ ಬದಲು ‘ಈ ಸರ್ವೆ ನಂಬರಿನ ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆ, ಅನುಮೋದನಾ ಆದೇಶ ಮತ್ತು ಅದರಲ್ಲಿನ ಷರತ್ತುಗಳ ದೃಢೀಕೃತ ಪ್ರತಿ’ ಎಂದು ಕೇಳಬೇಕು. ಆದೇಶದಲ್ಲಿನ ಷರತ್ತುಗಳ ಪಟ್ಟಿಯೇ ಮುಂದೆ ನಿಮ್ಮ ಕೈಯಲ್ಲಿರುವ ಅತಿ ಗಟ್ಟಿಯಾದ ಆಧಾರ.

ರಸ್ತೆ

ನಕ್ಷೆಯೊಳಗಿನ ರಸ್ತೆಗಳು ಸಾಮಾನ್ಯವಾಗಿ ನೇರವಾಗಿಯೂ ಅಗಲವಾಗಿಯೂ ಕಾಣುತ್ತವೆ. 9 ಮೀಟರ್ ಎಂದರೆ ಸುಮಾರು 30 ಅಡಿ, 12 ಮೀಟರ್ ಎಂದರೆ ಸುಮಾರು 40 ಅಡಿ ಎಂದು ಓದಿಕೊಳ್ಳಿ. ತೊಂದರೆ ಇರುವುದು ಬಡಾವಣೆಯನ್ನು ಊರಿಗೆ ಸೇರಿಸುವ ಕೂಡುರಸ್ತೆಯಲ್ಲಿ. ಒಳಗೆ 12 ಮೀಟರ್ ರಸ್ತೆ ಇದ್ದು, ಹೊರಗೆ ಹಳೆಯ ಕೇರಿಯ ನಡುವೆ ಎರಡು ಆಟೋ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಓಣಿ ಇದ್ದರೆ, ಆ ಓಣಿಯ ಅಗಲವೇ ಇಡೀ ಬಡಾವಣೆಯ ರಸ್ತೆಯ ಅಗಲ. ಒಂದು ಅಳತೆ ಟೇಪು ಹಿಡಿದು ಮುಖ್ಯರಸ್ತೆಯಿಂದ ಬಡಾವಣೆಯ ಬಾಗಿಲಿನವರೆಗೆ ನಡೆದು, ಅತಿ ಕಿರಿದಾದ ಮೂರು ಜಾಗಗಳ ಅಗಲವನ್ನು ಬರೆದುಕೊಳ್ಳಿ; ಚರಂಡಿಯನ್ನೂ ವಿದ್ಯುತ್ ಕಂಬವನ್ನೂ ಬಿಟ್ಟು ವಾಹನ ಓಡಾಡುವ ಭಾಗವನ್ನಷ್ಟೇ ಅಳೆಯಬೇಕು. ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಕಸದ ಗಾಡಿ, ಶಾಲೆಯ ಬಸ್ಸು ಇವು ಅಲ್ಲಿ ತಿರುಗಬಲ್ಲವೇ ಎಂಬ ಪ್ರಶ್ನೆಗೆ ಈ ಮೂರು ಸಂಖ್ಯೆಗಳಿಗಿಂತ ಒಳ್ಳೆಯ ಉತ್ತರ ಬೇರೆ ಇಲ್ಲ.

ಮಹಾಯೋಜನೆಯಲ್ಲಿ ಆ ದಿಕ್ಕಿಗೆ ಅಗಲವಾದ ರಸ್ತೆಯೊಂದನ್ನು ತೋರಿಸಲಾಗಿದೆ ಎಂಬ ಉತ್ತರ ನಿಮಗೆ ಬರಬಹುದು. ತೋರಿಸಿದ ರಸ್ತೆಯ ಜಾಗ ಯಾರ ಸ್ವಾಧೀನದಲ್ಲಿದೆ, ಭೂಸ್ವಾಧೀನ ಆಗಿದೆಯೇ, ಇಲ್ಲವಾದರೆ ಜಾಗ ಬಿಟ್ಟುಕೊಡುವವರಿಗೆ ಯೋಜನಾ ಅಧಿನಿಯಮದ 14ಬಿ ಕಲಮಿನಡಿ ಪರಿಹಾರದ ಹಣದ ಬದಲು ಹೆಚ್ಚುವರಿ ಕಟ್ಟಡ ಕಟ್ಟುವ ಅಭಿವೃದ್ಧಿ ಹಕ್ಕು, ಅಂದರೆ ಟಿಡಿಆರ್, ಕೊಡುವ ಪ್ರಸ್ತಾವವಿದೆಯೇ ಎಂದು ಮರುಪ್ರಶ್ನೆ ಹಾಕಿ. ನಕ್ಷೆಯ ಮೇಲಿನ ಗೆರೆಯಾಗಿಯೇ ದಶಕಗಳನ್ನು ಕಳೆದ ರಸ್ತೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಬಡಾವಣೆ ರಾಷ್ಟ್ರೀಯ ಹೆದ್ದಾರಿಗೆ ನೇರವಾಗಿ ತೆರೆದುಕೊಳ್ಳುವುದಾದರೆ ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆಯ ಪ್ರತಿಯನ್ನೂ ಕೇಳಬೇಕು.

ನೀರು, ಒಳಚರಂಡಿ ಮತ್ತು ಉಳಿದ ಸೇವೆಗಳು

ಇಲ್ಲಿ ಒಂದು ಸರಳ ಲೆಕ್ಕ ಬಹಳ ಸಹಾಯ ಮಾಡುತ್ತದೆ. ಉದಾಹರಣೆಗೆ 400 ನಿವೇಶನಗಳ ಬಡಾವಣೆ ಎಂದುಕೊಳ್ಳೋಣ. ಮನೆಗೆ ನಾಲ್ವರಂತೆ 1,600 ಜನ. ಒಳಚರಂಡಿ ಇರುವ ಊರಿಗೆ ಕೇಂದ್ರ ಸರ್ಕಾರದ ಕೈಪಿಡಿ ಸೂಚಿಸುವ ಪ್ರಮಾಣ ದಿನಕ್ಕೆ ತಲಾ 135 ಲೀಟರ್. ಒಟ್ಟು 2,16,000 ಲೀಟರ್. 6,000 ಲೀಟರಿನ ಟ್ಯಾಂಕರುಗಳಲ್ಲಿ ತರುವುದಾದರೆ ಪ್ರತಿದಿನ 36 ಟ್ಯಾಂಕರು. ಇದರಲ್ಲಿ ಸುಮಾರು ಶೇ. 80ರಷ್ಟು, ಅಂದರೆ 1,72,800 ಲೀಟರ್, ಕೊಳಚೆ ನೀರಾಗಿ ಹೊರಬರುತ್ತದೆ. ನೆಲದಂತಸ್ತಿನ ಮೇಲೆ ಬಾಡಿಗೆ ಮನೆಗಳು ಎದ್ದರೆ ಈ ಲೆಕ್ಕ ಇಮ್ಮಡಿಯಾಗುತ್ತದೆ. ನೀರು ಯಾವ ಮೇಲ್ತೊಟ್ಟಿಯಿಂದ ಬರುತ್ತದೆ, ಆ ತೊಟ್ಟಿಯಿಂದ ಈಗ ಎಷ್ಟು ಮನೆಗಳಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಿದ್ದಾರೆ, ಕೊಳಚೆ ನೀರು ಯಾವ ಮುಖ್ಯ ಕೊಳವೆಗೆ ಸೇರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ನಗರಸಭೆಯ ಎಂಜಿನಿಯರಿಗೂ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೂ ಬರೆಯಿರಿ. ಎರಡನೆಯ ಪ್ರಶ್ನೆಯ ಉತ್ತರವನ್ನು ಕಚೇರಿಗಿಂತ ನೀರು ಬಿಡುವ ವಾಲ್ವ್‌ಮ್ಯಾನ್ ಸರಿಯಾಗಿ ಹೇಳಬಲ್ಲರು. ಕೊಳಚೆ ನೀರಿನ ಉತ್ತರ ‘ಹತ್ತಿರದ ಹಳ್ಳ’ ಎಂದಾದರೆ, ಆ ಹಳ್ಳ ಯಾವ ಕೆರೆಗೆ ಸೇರುತ್ತದೆ ಎಂಬುದನ್ನು ಗ್ರಾಮ ನಕ್ಷೆಯಲ್ಲಿ ಗುರುತು ಮಾಡಿ ಪತ್ರಕ್ಕೆ ಲಗತ್ತಿಸಬೇಕು.

ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳಿಗೂ ಮಾನದಂಡಗಳಿವೆ. 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ, 50,000 ನಗರವಾಸಿಗಳಿಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ. ಕಡ್ಡಾಯ ಶಿಕ್ಷಣದ ಕೇಂದ್ರ ನಿಯಮಗಳಂತೆ ಒಂದರಿಂದ ಐದನೇ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರ್ ನಡಿಗೆಯೊಳಗೆ ಇರಬೇಕು. ಇವುಗಳಿಗೆ ಜಾಗ ಸಿಗುವುದು ನಾಗರಿಕ ಸೌಲಭ್ಯ ನಿವೇಶನಗಳಿಂದ, ಜನ ಸಿ.ಎ. ಸೈಟ್ ಎನ್ನುವ ಜಾಗಗಳಿಂದ. ನಕ್ಷೆಯಲ್ಲಿ ಆ ನಿವೇಶನ ಎಲ್ಲಿದೆ ಎಂದು ನೋಡಿ. ಹೈಟೆನ್ಷನ್ ತಂತಿಯ ಕೆಳಗೋ, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನಲ್ಲೋ, ಮೂಲೆಯ ಚೂಪು ತ್ರಿಕೋನದಲ್ಲೋ ಅದನ್ನು ತೋರಿಸಿದ್ದರೆ ವಿಸ್ತೀರ್ಣ ಸರಿಯಿದ್ದೂ ಅಂಗನವಾಡಿಯನ್ನು ಅಲ್ಲಿ ಕಟ್ಟಲಾಗುವುದಿಲ್ಲ. ಈ ಆಕ್ಷೇಪಣೆಯನ್ನು ಅನುಮೋದನೆಗೆ ಮೊದಲೇ ಎತ್ತಬೇಕು.

ಉದ್ಯಾನದ ಜಾಗದ ವಿಷಯದಲ್ಲಿ ನ್ಯಾಯಾಲಯದ ಬಲವೂ ನಿವಾಸಿಗಳ ಹಿಂದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯನ್ನು ಕಾನೂನುಬಾಹಿರವೆಂದು ಹೇಳಿದ್ದಲ್ಲದೆ, ಇಂಥ ಪ್ರಕರಣದಲ್ಲಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ನಿವಾಸಿಗಳಿಗೆ ಇದೆ ಎಂದು ಎತ್ತಿಹಿಡಿಯಿತು. ‘ನಿಮಗೇನು ಸಂಬಂಧ?’ ಎಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ಈ ತೀರ್ಪನ್ನು ನೆನಪಿಸಿ.

ಪತ್ರ ಮತ್ತು ಸಭೆ

ಪತ್ರ ಒಂದೂವರೆ ಪುಟ ಮೀರಬಾರದು. ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ ಬರೆದು, ಅಧ್ಯಕ್ಷರಿಗೂ ವಾರ್ಡ್ ಸದಸ್ಯರಿಗೂ ಯೋಜನಾ ಪ್ರಾಧಿಕಾರಕ್ಕೂ ಪ್ರತಿ ಕಳುಹಿಸಿ. ‘ರಸ್ತೆ ಸರಿಯಿಲ್ಲ, ಜನರಿಗೆ ತೊಂದರೆಯಾಗುತ್ತದೆ’ ಎಂಬ ವಾಕ್ಯಕ್ಕೆ ಉತ್ತರಿಸುವ ಅಗತ್ಯ ಯಾವ ಅಧಿಕಾರಿಗೂ ಬೀಳುವುದಿಲ್ಲ. ‘ಮುಖ್ಯರಸ್ತೆಯಿಂದ ಬಡಾವಣೆಗೆ ಹೋಗುವ ದಾರಿ ಈ ಮೂರು ಜಾಗಗಳಲ್ಲಿ ಇಷ್ಟಿಷ್ಟು ಮೀಟರ್ ಮಾತ್ರ ಇದೆ, ಫೋಟೊ ಲಗತ್ತಿಸಿದೆ, ಇದನ್ನು ಅಗಲಗೊಳಿಸುವವರೆಗೆ ಮುಂದಿನ ಹಂತದ ನಿವೇಶನಗಳನ್ನು ಬಿಡುಗಡೆ ಮಾಡಬಾರದೆಂಬ ಷರತ್ತನ್ನು ವಿಧಿಸಬೇಕಾಗಿ ಕೋರುತ್ತೇವೆ’ ಎಂದು ಬರೆದರೆ ಆ ಮಾತು ಕಡತದ ಟಿಪ್ಪಣಿಯಲ್ಲಿ ಸೇರಲೇಬೇಕಾಗುತ್ತದೆ. ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ, ದಿನಾಂಕ ಮತ್ತು ಸಂಖ್ಯೆ ಇಲ್ಲದೆ ಹಿಂತಿರುಗಬೇಡಿ.

ವಿಷಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರುವುದು ಯಾವಾಗ ಎಂದು ವಾರ್ಡ್ ಸದಸ್ಯರನ್ನು ವಿಚಾರಿಸುತ್ತಿರಿ. ಸಭೆಯಲ್ಲಿ ಮಾತನಾಡುವವರು ಅವರು, ನೀವಲ್ಲ. ಆದ್ದರಿಂದ ಸಭೆಗೆ ಎರಡು ದಿನ ಮೊದಲು ಅವರ ಮನೆಗೆ ಹೋಗಿ, ಕೇಳಬೇಕಾದ ಎರಡು ಅಥವಾ ಮೂರು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ವಿವರಿಸಿ. ಹತ್ತು ಪ್ರಶ್ನೆ ಕೊಟ್ಟರೆ ಒಂದನ್ನೂ ಕೇಳಲಾಗುವುದಿಲ್ಲ. ಚುನಾಯಿತ ಮಂಡಳಿ ಇಲ್ಲದ ಅವಧಿಯಾದರೆ ಆಡಳಿತಾಧಿಕಾರಿಗೇ ಬರೆಯಬೇಕು. ಸಭೆ ಮುಗಿದ ಮೇಲೆ ನಡವಳಿಯ ಪ್ರತಿ ಪಡೆದು, ಬಾಯಿಮಾತಿನಲ್ಲಿ ಒಪ್ಪಿದ ಷರತ್ತು ನಿರ್ಣಯದ ವಾಕ್ಯದಲ್ಲಿ ಇದೆಯೇ ಎಂದು ಓದಿ ನೋಡಿ. ನಿರ್ಣಯ ಕಾನೂನಿಗೆ ವಿರುದ್ಧವಾಗಿದ್ದರೆ ಅದರ ಜಾರಿಯನ್ನು ತಡೆಯುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ.

ಹಸ್ತಾಂತರದ ದಿನ

ಕೆಲಸ ಮುಗಿಯಿತೆಂದು ಅಭಿವೃದ್ಧಿದಾರರು ಬಡಾವಣೆಯನ್ನು ನಗರಸಭೆಗೆ ಒಪ್ಪಿಸುವ ಸಮಯದಲ್ಲಿ ಸ್ಥಳ ತನಿಖೆ ನಡೆಯುತ್ತದೆ. ಸಾಧ್ಯವಾದರೆ ಈ ತನಿಖೆ ಮಳೆಗಾಲದಲ್ಲಿ ನಡೆಯಲಿ ಎಂದು ಕೋರಿ. ಡಾಂಬರು ಬೇಸಿಗೆಯಲ್ಲಿ ಎಲ್ಲ ಕಡೆಯೂ ಚೆನ್ನಾಗಿ ಕಾಣುತ್ತದೆ, ಚರಂಡಿಯ ಇಳಿಜಾರು ತಪ್ಪಿದ್ದರೆ ಮಾತ್ರ ಮಳೆ ಬಂದಾಗಲೇ ಗೊತ್ತಾಗುತ್ತದೆ. ನಾನು ವಾಸಿಸುತ್ತಿರುವ ಬಡಾವಣೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳಗಳೆಲ್ಲ ಇದ್ದವು. ಅವುಗಳ ಕೆಳಗಿನ ಕೊಳವೆ ಊರಿನ ಮುಖ್ಯ ಕೊಳವೆಗೆ ಸೇರಿರಲಿಲ್ಲ. ಒಂದೇ ಒಂದು ಮುಚ್ಚಳವನ್ನು ತೆರೆದು ಬಕೆಟ್ ನೀರು ಸುರಿದು ನೋಡಿದ್ದರೂ ಹಸ್ತಾಂತರಕ್ಕೆ ಮೊದಲೇ ತಿಳಿಯುತ್ತಿತ್ತು. ನಮಗೆ ಅದು ತಿಳಿದದ್ದು ಮೂರು ವರ್ಷಗಳ ನಂತರ, ದುರಸ್ತಿಯ ಹಣ ಹೋದದ್ದು ನಗರಸಭೆಯ ಬೊಕ್ಕಸದಿಂದ.

ಹಾಗಾಗಿ ಅನುಮೋದನಾ ಆದೇಶದ ಷರತ್ತುಗಳ ಪ್ರತಿಯನ್ನು ಹಿಡಿದು, ಪ್ರತಿಯೊಂದನ್ನೂ ಜಾಗದಲ್ಲಿ ನೋಡಿ, ಆಗಿರುವುದಕ್ಕೂ ಆಗದಿರುವುದಕ್ಕೂ ಫೋಟೊ ತೆಗೆದು, ಆಗದಿರುವುದು ಮುಗಿಯುವವರೆಗೆ ವಶಕ್ಕೆ ಪಡೆಯಬಾರದೆಂದು ಪೌರಾಯುಕ್ತರಿಗೆ ಬರೆಯಿರಿ. ರಸ್ತೆ ಮತ್ತು ಉದ್ಯಾನಗಳ ಜಾಗ ನೋಂದಾಯಿತ ಹಕ್ಕುಬಿಡುಗಡೆ ಪತ್ರದ ಮೂಲಕವೇ ಸ್ಥಳೀಯ ಸಂಸ್ಥೆಗೆ ಬಂದಿದೆಯೇ ಎಂಬುದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ಖಚಿತಪಡಿಸಿಕೊಳ್ಳಬಹುದು. ಆ ಜಾಗಗಳು ನಗರಸಭೆಯ ಆಸ್ತಿ ವಹಿಯಲ್ಲಿ ಅಳತೆಸಹಿತ ದಾಖಲಾದ ಮೇಲೆ, ಉದ್ಯಾನದ ಬೇಲಿಗೆ ಸರ್ವೆ ನಂಬರು ಮತ್ತು ವಿಸ್ತೀರ್ಣ ಬರೆದ ಫಲಕವೊಂದನ್ನು ಹಾಕಿಸಲು ಅರ್ಜಿ ಕೊಡಿ.